ಬಿಳಿ ಪಟ್ಟಿಯಲ್ಲಿ ನಮ್ಮ ಮನೆ

ಅಮ್ಮನಿಗೆ,

ಮೊದಲು 'ಪ್ರೀತಿಯ' ಎಂದು ಬರೆದು ಹೊಡೆದು ಹಾಕಿದೆ. ಹೊಡೆದು ಹಾಕಿದ್ದು ನಿನಗೆ ಕಾಣಬಾರದೆಂದು ಹೊಸ ಹಾಳೆ ತೆಗೆದುಕೊಂಡೆ. ಆಮೇಲೆ, ಕಂಡರೆ ಕಾಣಲಿ ಬಿಡು ಎನಿಸಿತು. ಅಷ್ಟರಲ್ಲಿ ಹಳೆಯ ಹಾಳೆಯನ್ನು ಮುದುರಿ ಎಸೆದಾಗಿತ್ತು. ಆದ್ದರಿಂದ ಬಾಯಿಬಿಟ್ಟೇ ಹೇಳುತ್ತಿದ್ದೇನೆ. ಆ ಪದ ಇಲ್ಲಿ ಇತ್ತು, ನಾನೇ ತೆಗೆದೆ.

"ರಜೆಗೆ ಬರ್ತೀಯೋ ಇಲ್ವೋ, ಅಷ್ಟು ಹೇಳು ಸಾಕು" ಎಂದು ಮೆಸೇಜ್ ಕಳಿಸಿದ್ದೀಯ. ಚಳಿಗಾಲದ ರಜೆಗೆ ಬೆಟ್ಟದ ಮೇಲಿನ ಊರಿಗೆ, ನಿನ್ನ ಮನೆಗೆ, ನಾನು ಬರುತ್ತೇನೋ ಇಲ್ಲವೋ. ನಿನಗೆ ಅಷ್ಟು ಸಾಕಿರಬಹುದು, ನನಗೆ ಸಾಲದು. ಫೋನಿನಲ್ಲಿ ಮಾತಾಡುವುದು ನನ್ನಿಂದ ಆಗುವುದಿಲ್ಲ. ನೀನು ಆ ಕಡೆ ಒಂದು ಕ್ಷಣ ಸುಮ್ಮನಾದರೆ ಸಾಕು, ತಪ್ಪು ಯಾರದೇ ಇರಲಿ, ನಾನೇ "ಸಾರಿ ಅಮ್ಮ" ಎಂದುಬಿಡುತ್ತೇನೆ. ಈ ಸಲ ಸಾರಿ ಹೇಳುವ ಮನಸ್ಸಿಲ್ಲ. ಅದಕ್ಕೇ ಕಾಗದ. ಕಾಗದದ ನಡುವೆ ನೀನು ಸುಮ್ಮನಾಗಲು ಆಗುವುದಿಲ್ಲ.

ಹಾಸ್ಟೆಲಿಗೆ ಹಾಕಿದ್ದಕ್ಕೆ ನನ್ನ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿನ ಊರಿನ ಶಾಲೆ ನಾಲ್ಕನೇ ತರಗತಿಗೆ ಮುಗಿಯುತ್ತಿತ್ತು. ಅಪ್ಪ ತೀರಿಕೊಂಡಾಗಿತ್ತು. ನೀನು ಹವಾಮಾನ ಕಚೇರಿಯಲ್ಲಿ ಚಳಿಗಾಲದ ಮುನ್ಸೂಚನೆ ಬರೆಯುವವಳು. ರಸ್ತೆ ಇಲಾಖೆಯವರು, ಅಣೆಕಟ್ಟಿನವರು, ಲಾಡ್ಜಿನವರು ಎಲ್ಲ ನಿನ್ನ ಬಾಯಿ ನೋಡುತ್ತಿದ್ದರು. ಬೆಟ್ಟ ಬಿಟ್ಟು ಇಳಿಯುವ ಹಾಗಿರಲಿಲ್ಲ ನೀನು. ಬೆಟ್ಟದ ಬುಡದ ಹಾಸ್ಟೆಲಿನಲ್ಲಿ ನನ್ನನ್ನು ಬಿಟ್ಟು, ಟ್ರಂಕಿನ ಮೇಲೆ ಪೇಂಟಿನಲ್ಲಿ ನನ್ನ ಹೆಸರು ಬರೆಸಿ, ಹಣೆಗೆ ಮುತ್ತು ಕೊಟ್ಟು ಹೋದೆ. ಸರಿ. ಎಷ್ಟೋ ಮಕ್ಕಳ ಕಥೆ ಅದು. ನಾನು ಜಗಳ ತೆಗೆದಿರುವುದು ಚಳಿಗಾಲಗಳ ಬಗ್ಗೆ.

ಎಲೆ ಉದುರುವ ಕಾಲ ಬಂತೆಂದರೆ ವಾರ್ಡನ್ ಎಲ್ಲ ಮನೆಗಳಿಗೂ ಫೋನ್ ಮಾಡುತ್ತಿದ್ದರು. ರಜೆಗೆ ನಿಮ್ಮ ಮಗು ಮನೆಗೆ ಬರುತ್ತದೋ, ಇಲ್ಲೇ ಇರುತ್ತದೋ, ಈಗಲೇ ಹೇಳಿ, ಅಡುಗೆಯವರಿಗೆ ರಜೆ ಕೊಡಬೇಕು ಎಂದು. ಆಮೇಲೆ ನೀನು ನನ್ನ ಜೊತೆ ಮಾತಾಡುತ್ತಿದ್ದೆ. "ಈ ಸಲ ಎಲ್ ನಿನೊ ಮರಿ. ದೂರದ ಸಮುದ್ರ ಕಾದುಬಿಟ್ಟಿದೆ. ಬಿರುಗಾಳಿ ಎಲ್ಲ ನಮ್ಮ ಕಡೆಗೇ ತಿರುಗ್ತವೆ. ಹಿಮ ಖಂಡಿತ ಜಾಸ್ತಿ. ರಸ್ತೆ ಮುಚ್ಚುತ್ತೆ ಕಣೆ, ನೀನು ಅಲ್ಲೇ ಇರು." ಮರುವರ್ಷ, "ಈ ಸಲ ಲಾ ನಿನಾ ಮರಿ. ಸಮುದ್ರ ತಣ್ಣಗಾಗಿದೆ. ನಮ್ಮ ಬೆಟ್ಟಕ್ಕೆ ಇದೇ ಕೆಟ್ಟದ್ದು. ರಸ್ತೆ ಖಂಡಿತ ಮುಚ್ಚುತ್ತೆ."

ಸಮುದ್ರ ಕಾದರೂ ಮುಚ್ಚುತ್ತಿತ್ತು, ತಣ್ಣಗಾದರೂ ಮುಚ್ಚುತ್ತಿತ್ತು. ಇಷ್ಟು ದೊಡ್ಡ ತೂತು ನನಗೆ ಕಾಣಲೇ ಇಲ್ಲವಲ್ಲ! ಕಾಣಲಿಲ್ಲ, ಯಾಕೆಂದರೆ ಹೇಳಿದವಳು ನೀನು. ನಾನು ಉಳಿದ ಹುಡುಗಿಯರ ಎದುರು ಜಂಬ ಬೇರೆ ಕೊಚ್ಚುತ್ತಿದ್ದೆ. ಅವರೆಲ್ಲ ಮನೆಗೆ ಹೊರಡುವಾಗ, "ಪೆಸಿಫಿಕ್‌ನಲ್ಲಿ ಪ್ರಾಬ್ಲಂ ಇದೆ, ಅದಕ್ಕೆ ನಾನು ಹೋಗ್ತಿಲ್ಲ" ಎನ್ನುತ್ತಿದ್ದೆ. ಇಡೀ ಮಹಾಸಾಗರವೇ ಕೈಕಾಲು ಕಟ್ಟಿ ನನ್ನನ್ನು ಅಲ್ಲಿ ಕೂರಿಸಿದೆ ಎಂಬಂತೆ. ವಾರ್ಡನ್ ನಗುತ್ತಿದ್ದರು. "ಏನಮ್ಮಾ, ಈ ವರ್ಷಾನೂ ನಿಮ್ಮ ಸಮುದ್ರಕ್ಕೆ ಜ್ವರಾನಾ? ಒಂದು ಮಾತ್ರೆ ಕೊಡೋಕೆ ಹೇಳು ನಿಮ್ಮಮ್ಮನಿಗೆ" ಎನ್ನುತ್ತಿದ್ದರು. ನಿನ್ನನ್ನು ಗೇಲಿ ಮಾಡಿದರೆಂದು ನಾನು ಅವರ ಜೊತೆ ಮಾತು ಬಿಡುತ್ತಿದ್ದೆ. ಹಾಸ್ಟೆಲಿನಲ್ಲಿ ಉಳಿದಿರುತ್ತಿದ್ದವರು ನಾವಿಬ್ಬರೇ, ಆ ಇಬ್ಬರಲ್ಲೂ ಮಾತಿಲ್ಲ. ಹೇಗಿರುತ್ತಿತ್ತು ಊಹಿಸಿಕೋ.

ಬೇಡ, ಊಹಿಸಿಕೊಳ್ಳಬೇಡ, ನಾನೇ ಹೇಳುತ್ತೇನೆ. ಖಾಲಿ ಡಾರ್ಮಿಟರಿಯಲ್ಲಿ ಹಾಸಿಗೆಗಳನ್ನೆಲ್ಲ ಸುತ್ತಿ ಮಂಚದ ತಲೆಭಾಗಕ್ಕೆ ಇಡುತ್ತಿದ್ದರು. ನೀರು ಹೆಪ್ಪುಗಟ್ಟಬಾರದೆಂದು ನಲ್ಲಿಗಳಿಗೆ ಹಳೆಯ ಸಾಕ್ಸ್ ಸುತ್ತುತ್ತಿದ್ದರು. ಅವು ಯಾರ ಸಾಕ್ಸ್ ಎಂದು ಗುರುತು ಹಿಡಿಯುವುದು ನನ್ನ ಆಟ. ವಾರ್ಡನ್ನೇ ಸೂಪು ಮಾಡುತ್ತಿದ್ದರು, ಉಪ್ಪು ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿ. ಕಿಟಕಿಯಾಚೆ ಬೆಟ್ಟದ ರಸ್ತೆ. ಅದರಲ್ಲಿ ಬಸ್ಸು ಇಳಿದು ಬಂದರೆ ಎದ್ದು ನಿಲ್ಲುತ್ತಿದ್ದೆ. ನಿನಗೆ ಫೋನ್ ಮಾಡಿ, "ಅಮ್ಮ, ಬಸ್ಸು ಓಡಾಡ್ತಿದೆಯಲ್ಲ" ಎಂದರೆ, "ಅದು ಮಧ್ಯದ ಹಳ್ಳಿವರೆಗೆ ಮಾತ್ರ ಮರಿ. ಅಲ್ಲಿವರೆಗೂ ಮಳೆ, ಅಲ್ಲಿಂದ ಮೇಲೆ ಹಿಮ" ಎನ್ನುತ್ತಿದ್ದೆ. ಎಂಥ ಚೆಂದದ ಸುಳ್ಳು! ಅರ್ಧ ವಿಜ್ಞಾನ ಬೆರೆಸಿದ ಸುಳ್ಳು. ಕೆಳಗೆ ಮಳೆ ಬಿದ್ದಾಗ ಮೇಲೆ ಹಿಮ ಬೀಳುವುದು ನಿಜ ತಾನೇ. ಪುಸ್ತಕದಲ್ಲೂ ಹಾಗೇ ಇದೆ. ನನ್ನ ಕಿವಿಯ ಮೇಲೆ ಹೂವಿಡುವುದಕ್ಕೂ ನೀನು ಪಠ್ಯಪುಸ್ತಕದ ಹೂವನ್ನೇ ತಂದೆ.

ಕಾಲೇಜಿನಲ್ಲಿ ಈ ಹವಾಮಾನ ವಿಭಾಗಕ್ಕೆ ನಾನು ಸೇರಿದ್ದು ಯಾಕೆ ಗೊತ್ತಾ? ನಿನ್ನ ಮೇಲಿನ ಅಭಿಮಾನಕ್ಕೆ. ಬರೆಯುವಾಗಲೇ ಮೈ ಉರಿಯುತ್ತದೆ, ಆದರೂ ಸತ್ಯ. ಬೇಸಿಗೆ ರಜೆಯಲ್ಲಿ ಮನೆಗೆ ಬಂದಾಗ ಒದ್ದೆ ಟವೆಲ್ ಹಿಂಡಿ ತೋರಿಸುತ್ತಿದ್ದೆಯಲ್ಲ, "ನೋಡು, ಗಾಳಿ ಬೆಟ್ಟ ಹತ್ತುವಾಗ ಹೀಗೇ ಹಿಂಡಿಹೋಗುತ್ತೆ, ಅದೇ ಮಳೆ, ಅದೇ ಹಿಮ" ಎಂದು. ನನಗೆ ಆ ಟವೆಲ್ ಬಹಳ ಇಷ್ಟವಾಗಿತ್ತು. ಒಂದು ದಿನ ನಾನೂ ನಿನ್ನ ಹಾಗೆ ಸಮುದ್ರ ನೋಡಿ ಬೆಟ್ಟದ ಭವಿಷ್ಯ ಹೇಳಬೇಕು ಎಂದುಕೊಂಡಿದ್ದೆ.

ಈ ವರ್ಷ ಕಾಲೇಜು ಶುರುವಾದ ಮೇಲೆ ನೀನೇ ಫೋನ್ ಮಾಡಿದೆ. ಕಚೇರಿಯವರು ನಿನ್ನ ವಿಭಾಗವನ್ನು ನಗರಕ್ಕೆ ಸಾಗಿಸಿದ್ದಾರೆ, ಇನ್ನು ಮೇಲೆ ಮುನ್ಸೂಚನೆಯನ್ನು ಅಲ್ಲಿಯ ಕಂಪ್ಯೂಟರ್ ಬರೆಯುತ್ತದೆ, ನಿನ್ನನ್ನು ಬೇಗ ನಿವೃತ್ತಿ ಮಾಡಿ ಕಳಿಸಿದ್ದಾರೆ, ಮನೆಯಲ್ಲಿ ಹೊತ್ತೇ ಹೋಗುವುದಿಲ್ಲ ಎಂದೆ. ಪಾಪ ಎನಿಸಿತು ನನಗೆ. ಕೊನೆಗೆ ನೀನು ಹೇಳಿದೆ, "ಈ ಸಲ ಲಾ ನಿನಾ ಮರಿ. ರಸ್ತೆ ಖಂಡಿತ ತೆರೆದಿರುತ್ತೆ. ರಜೆಗೆ ಬಂದುಬಿಡು."

ಫೋನ್ ಇಟ್ಟ ಮೇಲೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅದೇ ಲಾ ನಿನಾ. ನಾನು ಹಾಸ್ಟೆಲಿನಲ್ಲಿದ್ದಾಗ ರಸ್ತೆ ಮುಚ್ಚುತ್ತಿದ್ದದ್ದು, ನಿನಗೆ ಹೊತ್ತು ಹೋಗದೆ ಇದ್ದಾಗ ತೆರೆಯುತ್ತದಂತೆ. ನನಗೆ ಆಗಲೂ ನಿನ್ನ ಮೇಲೆ ಅನುಮಾನ ಬರಲಿಲ್ಲ. ನನ್ನ ಮೇಲೇ ಬಂತು. ನಾನೇ ಏನೋ ತಪ್ಪು ತಿಳಿದುಕೊಂಡಿದ್ದೇನೆ, ಫಸ್ಟ್ ಇಯರ್ ಹುಡುಗಿ, ನನಗೇನು ಗೊತ್ತು ಎಂದುಕೊಂಡೆ. ಕ್ಲಾಸಿನಲ್ಲಿ ಕೇಳೋಣ ಎಂದರೆ ಕೈ ಎತ್ತುವ ಧೈರ್ಯವಿಲ್ಲ. ನಾನು ಯಾವಾಗಲೂ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವವಳು, ಹೊಟ್ಟೆ ತೊಳಸಿದರೆ ಎದ್ದು ಓಡುವುದಕ್ಕೆ ಸುಲಭವೆಂದು.

ನಾನು ಕೇಳಬೇಕಾಗಿಯೇ ಬರಲಿಲ್ಲ. ಮೇಷ್ಟ್ರೇ ಅದೇ ಪಾಠ ತೆಗೆದರು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ನಮ್ಮ ಬೆಟ್ಟಸಾಲಿನ ನಕ್ಷೆ ಬಿಟ್ಟರು. ಸಮುದ್ರ ಕಾದಾಗ ಅದರ ಮೇಲಿನ ಮೋಡಗಳು ಜಾಗ ಬದಲಿಸುತ್ತವೆ. ಅದರಿಂದ ಆಕಾಶದ ಎತ್ತರದಲ್ಲಿ ಹರಿಯುವ ಗಾಳಿಯ ಹೊಳೆಯೇ ಜರುಗುತ್ತದೆ. ಚಳಿಗಾಲದ ಬಿರುಗಾಳಿಗಳು ಆ ಹೊಳೆಯ ಜಾಡು ಹಿಡಿದು ಬರುವಂಥವು. ಆದ್ದರಿಂದ ಎಲ್ ನಿನೊ ವರ್ಷ ಬೆಟ್ಟಸಾಲಿನ ದಕ್ಷಿಣದ ತುದಿಗೆ ಹೆಚ್ಚು ಮಳೆ, ಹಿಮ. ಉತ್ತರದ ತುದಿ ಒಣಗುತ್ತದೆ. ಲಾ ನಿನಾದಲ್ಲಿ ತಿರುಗುಮುರುಗು. ನಕ್ಷೆಯಲ್ಲಿ ಒಂದು ತುದಿ ಹಸಿರು, ಒಂದು ತುದಿ ಕಂದು. ನಡುವೆ ಒಂದು ಬಿಳಿ ಪಟ್ಟಿ ಇತ್ತು. ಮೇಷ್ಟ್ರು ಅದರ ಮೇಲೆ ಕೋಲಿಟ್ಟು, "ತೂಗುಹಲಗೆ ಆಡಿದ್ದೀರಲ್ಲ? ಎರಡು ತುದಿಯೂ ಏರುತ್ತವೆ, ಇಳಿಯುತ್ತವೆ. ಮಧ್ಯದಲ್ಲಿ ಕೂತೋನಿಗೆ ಏನೂ ಆಗಲ್ಲ. ಇದು ಆ ಮಧ್ಯ. ಇಲ್ಲಿ ಸಮುದ್ರದ ಮಾತು ನಡೆಯಲ್ಲ. ಹಿಮ ಜಾಸ್ತಿಯೂ ಬೀಳಬಹುದು, ಕಡಿಮೆಯೂ ಬೀಳಬಹುದು, ಎರಡಕ್ಕೂ ಎಲ್ ನಿನೊ ಜವಾಬ್ದಾರಿ ಅಲ್ಲ. ಈ ಬಿಳಿ ಪಟ್ಟಿಯಲ್ಲಿ ಮನೆ ಮಾಡಿಕೊಂಡೋರು ಸಮುದ್ರಾನ ಕೇಳಬೇಡಿ, ಕಿಟಕಿ ತೆಗೆದು ನೋಡ್ಕೊಳಿ" ಎಂದರು. ಎಲ್ಲರೂ ನಕ್ಕರು.

ಅವರ ಕೋಲಿನ ತುದಿ ನಮ್ಮ ಊರಿನ ಮೇಲೆಯೇ ಇತ್ತು ಅಮ್ಮ.

ಆ ದಿನ ಎದ್ದು ಓಡಲಿಲ್ಲ. ವಿಚಿತ್ರವೆಂದರೆ, ತಣ್ಣಗೆ ಕೂತಿದ್ದೆ. ಬಿಳಿ ಪಟ್ಟಿಯ ವಿಷಯ ನಿನಗೆ ಗೊತ್ತಿರಲಿಲ್ಲವೇನೋ ಎಂದು ನಿನ್ನ ಪರವಾಗಿ ವಾದ ಹುಡುಕುತ್ತಿದ್ದೆ. ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಆ ವಾದವೂ ಬಿದ್ದುಹೋಯಿತು.

ನನ್ನ ರೂಂಮೇಟ್ ಬಗ್ಗೆ ನಿನಗೆ ಹೇಳಿದ್ದೇನೆ, ನಾವೆಲ್ಲ 'ಹೀಟರ್' ಎನ್ನುವ ಹುಡುಗಿ. ಮಂಚದ ಕೆಳಗೆ ಕದ್ದು ಹೀಟರ್ ಇಟ್ಟುಕೊಂಡು ಮೊದಲ ವಾರವೇ ಇಡೀ ಮಹಡಿಯ ಫ್ಯೂಸ್ ಹಾರಿಸಿದವಳು. ನಾನು ಬೆಟ್ಟದ ಬುಡದ ಹಾಸ್ಟೆಲಿಗೆ ಸೇರಿದ ಮೇಲೆ ಅವಳ ಅಪ್ಪ ನಮ್ಮ ಊರಿನಲ್ಲಿ ಲಾಡ್ಜ್ ಕೊಂಡರಂತೆ. ಅವಳು ಓದಿದ್ದು ಬೇರೆ ಕಡೆ, ಅಜ್ಜಿಯ ಮನೆಯಲ್ಲಿ. ಚಳಿಗಾಲದ ರಜೆಗೆ ಮಾತ್ರ ಮೇಲೆ ಹೋಗುತ್ತಿದ್ದಳು. ಕ್ಲಾಸಿನ ಬಿಳಿ ಪಟ್ಟಿಯ ಬಗ್ಗೆ ಹೇಳಿದರೆ ಬ್ರೆಡ್ ಅಗಿಯುತ್ತಲೇ ನಕ್ಕಳು.

"ಅದಕ್ಕೇನಾ ನಿಮ್ಮಮ್ಮನಿಗೆ ಊರಲ್ಲಿ 'ಸಮಸಮ ಮೇಡಂ' ಅನ್ನೋದು! ಲಾಡ್ಜಿನೋರೆಲ್ಲ ಹೋಗಿ ಕೇಳ್ತಾರಪ್ಪ, ಮೇಡಂ, ಈ ಸಲ ಹಿಮ ಬೀಳುತ್ತಾ, ಬುಕಿಂಗ್ ತಗೊಳೋದಾ ಬೇಡ್ವಾ ಅಂತ. ಇವರು ಪ್ರತಿ ವರ್ಷ ಒಂದೇ ಮಾತು, 'ಎರಡಕ್ಕೂ ಸಮ ಸಾಧ್ಯತೆ.' ನಮ್ಮಪ್ಪ ಬೈಕೋತಾರೆ, ಇಷ್ಟು ಹೇಳೋಕೆ ಸಂಬಳ ಯಾಕೆ, ನಮ್ಮ ನಾಯಿ ಹೇಳುತ್ತೆ ಇದನ್ನ ಅಂತ."

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಲಾಡ್ಜಿನವರಿಗೆ ಸಮಸಮ. ರಸ್ತೆ ಇಲಾಖೆಗೆ ಸಮಸಮ. ಇಡೀ ಊರಿಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಪ್ರಾಮಾಣಿಕಳು ನೀನು, ನಾಯಿಗೆ ಹೋಲಿಸಿದರೂ ಕದಲದವಳು. ಖಂಡಿತ ಎಂಬ ಪದವನ್ನು ಲೋಕದಲ್ಲಿ ಒಬ್ಬಳಿಗೆ ಮಾತ್ರ ಎತ್ತಿಟ್ಟಿದ್ದೆ. ನನಗೆ.

"ಆದ್ರೂ ರಸ್ತೆ ಎಷ್ಟೋ ಸಲ ಮುಚ್ಚುತ್ತಿತ್ತಲ್ಲ?" ಎಂದೆ. ಕೊನೆಯ ಹುಲ್ಲುಕಡ್ಡಿ ಹಿಡಿದವಳ ಹಾಗೆ.

"ಮುಚ್ಚುತ್ತೆ, ತೆಗೀತಾರೆ. ಒಂದೆರಡು ಸಲ ಅಪ್ಪನೂ ನಾನೂ ಅರ್ಧ ದಾರೀಲೇ ಸಿಕ್ಕಾಕೊಂಡು ಮಧ್ಯದ ಹಳ್ಳಿ ಶಾಲೇಲಿ ಮಲಗಿದ್ವಿ. ಮಜಾ ಇತ್ತು. ಆದ್ರೆ ನಾವು ಎಂಟನೇ ಕ್ಲಾಸಲ್ಲಿ ಇದ್ದಾಗ ನೋಡು, ಆ ಚಳಿಗಾಲ ಹಿಮಾನೇ ಇಲ್ಲ. ರಸ್ತೇಲಿ ಧೂಳು! ಬುಕಿಂಗ್ ಮಾಡಿದೋರೆಲ್ಲ ಬಂದು ಅಪ್ಪನ ಕುತ್ತಿಗೆ ಹಿಡ್ಕೊಂಡ್ರು. ಆ ಸಲಾನೇ ಅಲ್ವಾ ನಿಮ್ಮಮ್ಮ ಯಾವುದೋ ಮೀಟಿಂಗ್ ಅಂತ ನಮ್ಮ ವ್ಯಾನಲ್ಲಿ ಇಳಿದಿದ್ದು. ನಾನು ಹಿಂದೆ ಕೂತಿದ್ದೆ. ಅಪ್ಪ ದಾರಿ ಉದ್ದಕ್ಕೂ ಜಗಳ. 'ಮೇಡಂ, ನೀವು ಸಮ ಅಂದ್ರಿ, ಇದ್ಯಾವ ಸಮ, ಪೂರ್ತಿ ಸೊನ್ನೆ!' ಕೆಳಗೆ ಒಂದು ಹಾಸ್ಟೆಲ್ ಎದುರು ಟೀ ಅಂಗಡಿ ಇದೆಯಲ್ಲ, ಅಲ್ಲಿ ನಿಲ್ಲಿಸಿದ್ವಿ. ನಿಮ್ಮಮ್ಮ ಇಳಿದು ಎಲ್ಲೋ ಹೋಗಿ ಬಂದ್ರು. ಟೀ ಆರಿಹೋಗಿತ್ತು, ಕುಡೀಲೇ ಇಲ್ಲ."

ಅವಳಿಗೆ ಏನೂ ಗೊತ್ತಿರಲಿಲ್ಲ. ಮೀಟಿಂಗಿನ ದಿನವೇ ನೀನು ನನ್ನನ್ನೂ ನೋಡಿಕೊಂಡು ಬಂದಿರಬೇಕು ಎಂದುಕೊಂಡಿದ್ದಳು. "ಯಾಕೆ, ಆವತ್ತು ನೀನು ಅಲ್ಲಿ ಇರ್ಲಿಲ್ವಾ?" ಎಂದು ಕೇಳಿದಳು.

ಇದ್ದೆ. ಎಂಟನೇ ತರಗತಿಯ ಚಳಿಗಾಲ ನನಗೆ ಮಂಗನಬಾವು ಬಂದಿತ್ತು. ಎರಡೂ ಕೆನ್ನೆ ಊದಿ, ಬಾಯಿ ತೆರೆಯಲಾಗದೆ, ಸೂಪನ್ನು ಹೀರುಕೊಳವೆಯಲ್ಲಿ ಕುಡಿಯುತ್ತಿದ್ದೆ. ವಾರ್ಡನ್ ನನ್ನ ಗದ್ದದ ಸುತ್ತ ಬೆಚ್ಚನೆಯ ಬಟ್ಟೆ ಕಟ್ಟಿ ನೆತ್ತಿಯ ಮೇಲೆ ಗಂಟು ಹಾಕಿದ್ದರು. ಆಗ ಅವರ ಜೊತೆ ಮಾತು ಬಿಡುವ ಪ್ರಶ್ನೆಯೇ ಇರಲಿಲ್ಲ, ಮಾತೇ ಬರುತ್ತಿರಲಿಲ್ಲ. ಅವರೇ ನಿನಗೆ ಫೋನ್ ಮಾಡಿ ರಿಸೀವರ್ ಅನ್ನು ನನ್ನ ಕಿವಿಗೆ ಹಿಡಿದರು. ನೀನು ಅತ್ತೆ. "ರಸ್ತೆ ಮುಚ್ಚಿಬಿಟ್ಟಿದೆ ಮರಿ, ಇಲ್ಲಾಂದ್ರೆ ಹಾರಿ ಬರ್ತಿದ್ದೆ" ಎಂದೆ. ನಾನು ತಲೆ ಅಲ್ಲಾಡಿಸಿದೆ. ಫೋನಿನಲ್ಲಿ ತಲೆ ಅಲ್ಲಾಡಿಸಿದರೆ ಕಾಣುವುದಿಲ್ಲ ಎಂದು ವಾರ್ಡನ್ನೇ, "ಆಯ್ತಂತೆ, ಧೈರ್ಯವಾಗಿದ್ದಾಳೆ" ಎಂದರು.

ಮೆಸ್ಸಿನಿಂದ ಎದ್ದು ಬಂದು ನಿನಗೆ ಫೋನ್ ಮಾಡಿದೆ. ಅದನ್ನು ನೀನು ಮರೆತಿರಲಾರೆ, ಆದರೂ ನಿನ್ನ ಮಾತುಗಳನ್ನು ನಿನಗೇ ಬರೆದು ಕಳಿಸುತ್ತೇನೆ, ಓದಿ ನೋಡು, ಹೇಗೆ ಕೇಳಿಸುತ್ತವೆ ಎಂದು.

ಆ ಚಳಿಗಾಲ ರಸ್ತೆ ತೆರೆದಿತ್ತಾ ಎಂದು ಕೇಳಿದೆ. ನೀನು ಸುಮ್ಮನಾದೆ. ನಾನು ಸಾರಿ ಎನ್ನದಿರಲು ತುಟಿ ಕಚ್ಚಿಕೊಂಡೆ. ಕೊನೆಗೆ ನೀನು, "ತೆರೆದಿತ್ತು" ಎಂದೆ.

"ಗೇಟಿನವರೆಗೂ ಬಂದಿದ್ದೆ ಮರಿ. ನೀನು ಕಿಟಕಿ ಹತ್ರ ಕೂತಿದ್ದೆ. ತಲೆಗೆ ಬಟ್ಟೆ ಕಟ್ಟಿದ್ರು. ಒಳಗೆ ಬಂದ್ರೆ ರಸ್ತೆ ತೆರೆದಿದೆ ಅಂತ ನಿನಗೆ ಗೊತ್ತಾಗಿಬಿಡುತ್ತೆ. ಹಿಂದಿನ ದಿನ ತಾನೇ ಮುಚ್ಚಿದೆ ಅಂತ ಅತ್ತಿದ್ದೆ. ಇನ್ನು ಮುಂದಿನ ವರ್ಷ ನಾನು ಏನ್ ಹೇಳಿದ್ರೂ ನೀನು ನಂಬಲ್ಲ. ಪ್ರತಿ ಚಳಿಗಾಲ ಕಿಟಕಿಯಲ್ಲಿ ಕೂತು ಕಾಯ್ತೀಯ."

ಮತ್ತೆ ನೀನೇ ಹೇಳಿದೆ, "ನಿನಗೂ ಸಮಸಮ ಅಂದಿದ್ರೆ ಏನಾಗ್ತಿತ್ತು ಹೇಳು. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ಇಡೀ ರಜೆ ಒದ್ದಾಡ್ತಿದ್ದೆ. ಮುಚ್ಚಿದೆ ಅಂದ್ರೆ ಒಂದೇ ಸಲ ಅತ್ತು ಮುಗಿಸ್ತೀಯ. ಅದಕ್ಕೆ ನಾನೇ ಮುಚ್ಚಿದೆ ಕಣೆ. ಅನುಮಾನದಲ್ಲಿ ಬದುಕೋದು ಎಷ್ಟು ಕಷ್ಟ ಅಂತ ನನಗಿಂತ ಯಾರಿಗೆ ಗೊತ್ತು? ಅದೇ ನನ್ನ ಕೆಲಸ ಆಗಿತ್ತು."

ನಾನು ಫೋನ್ ಇಟ್ಟುಬಿಟ್ಟೆ. ಈಗ ಉತ್ತರ ಕೊಡುತ್ತೇನೆ.

ನಾನು ಕಾದೆ ಅಮ್ಮ. ಮುಚ್ಚಿದೆ ಎಂದು ಹೇಳಿದ ಮೇಲೂ ಕಾದೆ. ಮಗುವಿನ ತಲೆಗೆ ಮುನ್ಸೂಚನೆ ಹತ್ತುತ್ತದೆಯೇ? ಪ್ರತಿ ಬಸ್ಸಿಗೂ ಎದ್ದು ನೋಡಿದೆ. ವ್ಯತ್ಯಾಸ ಇಷ್ಟೇ, ಬರಬಹುದಾದವಳನ್ನು ಕಾಯುವ ಬದಲು ಬರಲಾಗದವಳನ್ನು ಕಾದೆ. ಅದು ಸುಲಭವೆಂದು ನಿನಗೆ ಯಾರು ಹೇಳಿದರು? ನಿನ್ನ ಕಂಪ್ಯೂಟರೋ?

ಇನ್ನೊಂದು. ನನ್ನನ್ನು ಅನುಮಾನದಿಂದ ಕಾಪಾಡಿದೆ ಎನ್ನುತ್ತೀಯ. ಕಾಪಾಡಿದ್ದರ ಫಲ ನೋಡು ಬಾ. 'ಬಹುಶಃ' ಎಂಬ ಪದ ಕೇಳಿದರೆ ನನಗೆ ಕೈ ಬೆವರುತ್ತದೆ. ಪರೀಕ್ಷೆ ಮುಂದೆ ಹೋಗಬಹುದು ಎಂದು ಯಾರೋ ಅಂದರೆ ಬಾತ್‌ರೂಮಿಗೆ ಓಡುತ್ತೇನೆ. ಗೆಳತಿಯರು "ಸಂಜೆ ಸಿಕ್ಕರೂ ಸಿಗ್ತೀವಿ" ಎಂದರೆ ಸಿಗುವುದಿಲ್ಲ ಎಂದೇ ತೀರ್ಮಾನಿಸಿ ರೂಮಿನಲ್ಲಿ ಬಾಗಿಲು ಹಾಕಿಕೊಳ್ಳುತ್ತೇನೆ. ಇಂಥವಳು ಹೋಗಿ ಹೋಗಿ ಸಾಧ್ಯತೆಗಳನ್ನು ಬಿಟ್ಟರೆ ಬೇರೆ ಪಾಠವೇ ಇಲ್ಲದ ವಿಭಾಗಕ್ಕೆ ಸೇರಿದ್ದೇನೆ. ಹೀಟರ್ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಹಳ್ಳಿಯ ಶಾಲೆಯಲ್ಲಿ ಮಲಗಿದ್ದನ್ನು ಪಿಕ್ನಿಕ್ ಹಾಗೆ ಹೇಳುತ್ತಾಳೆ. ಅವಳಪ್ಪ ಹಿಮದ ಬಗ್ಗೆ ಏನೂ ಓದಿದವರಲ್ಲ, ಬರೀ ಬಾಯಿ ಜೋರು. ಆದರೆ ಪ್ರತಿ ಸಲವೂ ವ್ಯಾನ್ ತೆಗೆದುಕೊಂಡು ಹೊರಟರು. ಸಿಕ್ಕಿಹಾಕಿಕೊಂಡರೆ ಮಗಳ ಜೊತೆ ಸಿಕ್ಕಿಹಾಕಿಕೊಂಡರು. ಅದು ನಿನಗೆ ಯಾಕೆ ಹೊಳೆಯಲಿಲ್ಲ?

ಹೊಳೆದಿತ್ತು, ಬೇಕಾಗಿರಲಿಲ್ಲ. ಚಳಿಗಾಲ ನಿನ್ನ ಕಾಲವಾಗಿತ್ತು. ಮೂರು ಹೊತ್ತೂ ನಕ್ಷೆ, ಕಾಫಿ, ಗಾಳಿಯ ಹೊಳೆ. ನಡುವೆ ಒಂದು ಮಗು ಬಂದು ಮನೆ ತುಂಬಾ ಒದ್ದೆ ಶೂ ಬಿಚ್ಚುವುದು ನಿನಗೆ ಬೇಡವಾಗಿತ್ತು. ಇದು ನನ್ನ ಊಹೆ. ಫೋನಿನಲ್ಲಿ ನೀನು ಇದನ್ನು ಹೇಳಲಿಲ್ಲ. ಹೇಳಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಕೆಲಸ ಜಾಸ್ತಿ, ಈ ಸಲ ಬೇಡ ಮರಿ ಎಂದಿದ್ದರೆ ಒಂದಿಡೀ ಸಮುದ್ರವನ್ನು ನಮ್ಮಿಬ್ಬರ ನಡುವೆ ತಂದು ಸುರಿಯುವ ಅಗತ್ಯವೇ ಇರಲಿಲ್ಲ. ಪಾಪದ ಸಮುದ್ರ. ಎಲ್ಲೋ ತನ್ನ ಪಾಡಿಗೆ ಕಾಯುತ್ತ, ತಣ್ಣಗಾಗುತ್ತ ಇದ್ದದ್ದಕ್ಕೆ ನನ್ನ ಬಾಲ್ಯದ ಆಪಾದನೆ ಹೊರಿಸಿದೆ.

ಬೈದು ಸುಸ್ತಾಗುತ್ತಿದೆ. ಆದರೂ ಒಂದು ಉಳಿದಿದೆ. ಗೇಟಿನಿಂದ ನನ್ನನ್ನು ನೋಡಿದೆ ಎಂದೆಯಲ್ಲ. ಎಷ್ಟು ಹೊತ್ತು ನಿಂತಿದ್ದೆ? ನನ್ನ ಮುಖ ಊದಿದ್ದು ಕಂಡಿತಾ? ನಾನು ಆಗ ಏನು ಮಾಡುತ್ತಿದ್ದೆ, ರಸ್ತೆ ನೋಡುತ್ತಿದ್ದೆನಾ, ಓದುತ್ತಿದ್ದೆನಾ? ಇದನ್ನು ಕೇಳುವುದು ನನಗೆ ಅವಮಾನ. ಆದರೆ ಆ ದಿನದ ನನ್ನನ್ನು ನೋಡಿದವರು ಲೋಕದಲ್ಲಿ ವಾರ್ಡನ್ ಬಿಟ್ಟರೆ ನೀನೊಬ್ಬಳೇ. ವಾರ್ಡನ್ ಈಗ ಎಲ್ಲಿದ್ದಾರೋ ಗೊತ್ತಿಲ್ಲ.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ.

ನಿನ್ನ ಮನೆಗೆ ನಾನು ಬರುವುದಿಲ್ಲ. ಈ ಸಲ ರಸ್ತೆ ಖಂಡಿತ ತೆರೆದಿರುತ್ತದೆ ಎಂದೆಯಲ್ಲ, ಆ ಖಂಡಿತವನ್ನು ನಂಬಿ ಬರುವುದಿಲ್ಲ. ಆದರೆ ಊರಿಗೆ ಬರುತ್ತಿದ್ದೇನೆ. ಹೀಟರ್ ಜೊತೆ, ಅವರ ಲಾಡ್ಜಿಗೆ. ಅವಳಪ್ಪನಿಗೆ ಹೇಳಿಯಾಗಿದೆ. "ಸಮಸಮ ಮೇಡಂ ಮಗಳಾ? ಬರಲಿ ಬರಲಿ, ಈ ಸಲ ಜಗಳಕ್ಕೆ ಹೊಸಬರು ಬೇಕಾಗಿತ್ತು" ಎಂದರಂತೆ. ನಿನ್ನ ಮನೆಯಿಂದ ಎರಡು ಬೀದಿ ದಾಟಿದರೆ ಅವರ ಲಾಡ್ಜ್. ನಾನು ಬೀದಿಯಲ್ಲಿ ಓಡಾಡುತ್ತೇನೆ. ನಿನ್ನ ಮನೆಯ ಮುಂದೆಯೂ ಹೋಗುತ್ತೇನೆ, ದಾರಿ ಅದೇ ತಾನೇ. ನಿನಗೆ ಕಾಣುತ್ತೇನೆ. ಒಳಗೆ ಬರುವುದಿಲ್ಲ. ಎದುರಿಗಿದ್ದೂ ಒಳಗೆ ಬಾರದವರನ್ನು ನೋಡುವುದು ಹೇಗಿರುತ್ತದೆ, ನೀನೂ ಒಂದು ರಜೆ ನೋಡು. ಇದನ್ನು ಸೇಡು ಎಂದರೆ ಎನ್ನು, ನಾನು ಅಲ್ಲ ಎನ್ನುವುದಿಲ್ಲ.

ಬಸ್ಸು ಹೊರಡುವ ದಿನ ರಸ್ತೆ ಮುಚ್ಚಿರಬಹುದು, ತೆರೆದಿರಬಹುದು. ಮುಚ್ಚಿದ್ದರೆ ಅರ್ಧ ದಾರಿಯಲ್ಲಿ ಕೂರುತ್ತೇವೆ. ಇದನ್ನು ಬರೆಯುವಾಗಲೂ ಆ 'ಬಹುದು'ಗಳ ಹತ್ತಿರ ಪೆನ್ನು ನಿಂತಿತು, ಸುಳ್ಳು ಹೇಳುವುದಿಲ್ಲ. "ಹೆಚ್ಚೆಂದ್ರೆ ಏನಾಗುತ್ತೆ, ವಾಪಸ್ ಬರ್ತೀವಿ, ಪ್ರಪಂಚ ಮುಳುಗುತ್ತಾ?" ಎನ್ನುತ್ತಾಳೆ ಹೀಟರ್. ಮುಳುಗುವುದಿಲ್ಲ ಎಂದು ನನಗೂ ತಿಳಿಯಬೇಕಿದೆ. ನೀನು ಕಲಿಸಬೇಕಾಗಿದ್ದ ಪಾಠ, ಈ ವಯಸ್ಸಿನಲ್ಲಿ, ಫ್ಯೂಸ್ ಹಾರಿಸುವ ಹುಡುಗಿಯ ಹತ್ತಿರ ಕಲಿಯುತ್ತಿದ್ದೇನೆ.

ನನ್ನನ್ನು ನೋಡಬೇಕೆನಿಸಿದರೆ ನೀನೇ ಲಾಡ್ಜಿಗೆ ಬಾ. ಬಂದರೆ ಗೇಟಿನಲ್ಲಿ ನಿಂತು ವಾಪಸ್ ಹೋಗಬೇಡ. ಮೆಟ್ಟಿಲು ಹತ್ತು, ಬಾಗಿಲು ತಟ್ಟು. ಅವಳಪ್ಪ ಎಲ್ಲರ ಎದುರು ನಾಯಿಯ ಮಾತು ತೆಗೆದರೂ ಸಹಿಸಿಕೋ. ನಾನು ಕೇಳಿದ ಪ್ರಶ್ನೆಗಳಿಗೆ ಉತ್ತರ ತೆಗೆದುಕೊಂಡು ಬಾ, ಸಮುದ್ರವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಾ. ನಾನು ಬಾಗಿಲು ತೆರೆಯುತ್ತೇನೆ. ತೆರೆದ ಮೇಲೆ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಬೈಯಬಹುದು. ಅಳಬಹುದು. ಮಾತೇ ಹೊರಡದೆ ನಿಂತುಬಿಡಬಹುದು. ಅಲ್ಲಿಯವರೆಗೂ ಫೋನ್ ಮಾಡಬೇಡ.

ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿರಬಹುದು, ಪಕ್ಕದ ಕಂಬಿ ಹಿಡಿದು ಹತ್ತು. ಜಾರಿ ಬಿದ್ದು ಆ ನೆಪದಲ್ಲಿ ತಪ್ಪಿಸಿಕೊಳ್ಳುವುದು ನನಗೆ ಬೇಡ. ಬೈಸಿಕೊಳ್ಳುವಷ್ಟು ಗಟ್ಟಿಯಾಗಿರು.

ಸದ್ಯಕ್ಕೆ ನಿನ್ನನ್ನು ಅಮ್ಮ ಎಂದು ಕರೆಯುವುದನ್ನು ಬಿಡದಿರುವ,
ನಿನ್ನ ಮಗಳು